ಹೊಸ ಕಾರಿನ ಇನ್ಶೂರೆನ್ಸ್: ಕೀ ಕೈಗೆ ಬರೋಕೆ ಮುಂಚೆ ನೋಡಬೇಕಾದ್ದು

ಕಾರು ಬುಕ್ ಮಾಡಿದ್ದೀರಾ? ಡೆಲಿವರಿಗೆ ಇನ್ನೂ ವಾರ, ಹತ್ತು ದಿನ ಇದೆಯಾ? ಹಾಗಾದರೆ ಇದನ್ನು ಓದೋಕೆ ಇದೇ ಸರಿಯಾದ ಹೊತ್ತು. ಕಾರಿನ ಬಣ್ಣಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ, ಸೀಟ್ ಕವರ್‌ಗೆ ನಾಲ್ಕು ಅಂಗಡಿ ತಿರುಗುತ್ತೇವೆ, ಇನ್ಶೂರೆನ್ಸ್ ಪೇಪರ್‌ಗೆ ಮಾತ್ರ ಡೆಲಿವರಿ ದಿನ ಐದು ನಿಮಿಷ ಕೊಡುತ್ತೇವೆ. ಮನೆಯವರೆಲ್ಲ ಹೂವು, ತೆಂಗಿನಕಾಯಿ ಹಿಡಿದು ಕಾಯ್ತಾ ಇರ್ತಾರೆ. ಶೋರೂಮ್ ಹುಡುಗ "ಇಲ್ಲೊಂದು ಸೈನ್ ಹಾಕಿ ಸಾರ್" ಅಂತಾನೆ. ಹಾಕಿಬಿಡುತ್ತೇವೆ. ಆ ಪೇಪರಿನಲ್ಲಿ ಏನಿತ್ತು ಅನ್ನೋದು ಗೊತ್ತಾಗೋದು ಗ್ಯಾರೇಜಿನ ಬಿಲ್ ಕೈಗೆ ಬಂದಾಗ.

ನನಗೂ ಹಾಗೇ ಗೊತ್ತಾಗಿದ್ದು. ಅದರ ಲೆಕ್ಕ ಮುಂದೆ ಬರೆದಿದ್ದೇನೆ. ಅದಾದ ಮೇಲೆ ನಮ್ಮ ಭಾವ ದಾವಣಗೆರೆಯಲ್ಲಿ ಕಾರು ತಗೊಂಡಾಗ ಜೊತೆಗೆ ನಾನೇ ಹೋದೆ, ಒಂದೊಂದು ಸಾಲನ್ನೂ ಕೇಳಿ ಮಾಡಿಸಿದೆವು. ಹೊಸದಾಗಿ ತಗೊಳ್ಳೋರಿಗೆ ಉಪಯೋಗ ಆಗಲಿ ಅಂತ ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು: ಕೊಟೇಶನ್ ಬಿಡಿಸಿ ಕೇಳಿ

ಆನ್ ರೋಡ್ ಬೆಲೆಯ ಚೀಟಿಯಲ್ಲಿ ಇನ್ಶೂರೆನ್ಸ್ ಅಂತ ಒಂದೇ ಸಾಲು ಇರುತ್ತೆ. ಭಾವನ ಚೀಟಿಯಲ್ಲಿ 43 ಸಾವಿರ ಇತ್ತು. "ಇದರಲ್ಲಿ ಏನೇನು ಸೇರಿದೆ, ಬಿಡಿಸಿ ಕೊಡಿ" ಅಂತ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಸಾಕು. ಬಾಯಿಮಾತಿನಲ್ಲಿ ಹೇಳಿದರೆ ಮಾತ್ರ ಒಪ್ಪಬೇಡಿ.

ಬಿಡಿಸಿದಾಗ ನಾಲ್ಕು ಭಾಗ ಕಾಣಿಸಬೇಕು. ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆಗುವ ಹಾನಿ, ಕಳುವಿಗೆ), ಮಾಲೀಕನ ಅಪಘಾತ ವಿಮೆ, ಆಮೇಲೆ ಹೆಚ್ಚಿಗೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಆ್ಯಡ್ ಆನ್‌ಗಳು. ಇಷ್ಟರ ಮೇಲೆ 18% ಜಿಎಸ್‌ಟಿ.

ಥರ್ಡ್ ಪಾರ್ಟಿ ಅಂದ್ರೆ ನಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ, ಜೀವ ಹೋದರೆ, ಅವರ ಆಸ್ತಿ ಹಾಳಾದರೆ ಕೊಡಬೇಕಾದ ಪರಿಹಾರ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಇದು ಕಡ್ಡಾಯ. ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿದರೆ 4,000 ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಇದನ್ನು ಒಟ್ಟಿಗೇ ಮೂರು ವರ್ಷಕ್ಕೆ ಕಟ್ಟಬೇಕು. ಸುಪ್ರೀಂ ಕೋರ್ಟ್ ಆದೇಶದ ಮೇಲೆ ಬಂದ ನಿಯಮ ಅದು.

ಈ ಭಾಗದಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ದರ ಸರ್ಕಾರವೇ ನಿಗದಿ ಮಾಡಿದ್ದು, ಎಲ್ಲ ಕಂಪನಿಗೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿ ಪ್ರಕಾರ ಹೊಸ ಕಾರಿಗೆ ಮೂರು ವರ್ಷಕ್ಕೆ, 1000 ಸಿಸಿ ಒಳಗಿದ್ದರೆ 6,521 ರೂಪಾಯಿ, 1000ದಿಂದ 1500 ಸಿಸಿವರೆಗೆ 10,640, ಅದಕ್ಕಿಂತ ಜಾಸ್ತಿ ಇದ್ದರೆ 24,596. ಭಾವನದು 1197 ಸಿಸಿ, ಹಾಗಾಗಿ 10,640. ನಿಮ್ಮ ಚೀಟಿಯಲ್ಲಿರುವ ಥರ್ಡ್ ಪಾರ್ಟಿ ಮೊತ್ತ ಈಗ ಜಾರಿಯಲ್ಲಿರುವ ದರಕ್ಕೆ ತಾಳೆ ಆಗುತ್ತಾ ನೋಡಿ. ತಾಳೆ ಆಗಿಲ್ಲ ಅಂದರೆ ಅಲ್ಲೇ ಕೇಳಿ.

ಅಂದಮೇಲೆ ಒಂದು ಕೊಟೇಶನ್‌ಗೂ ಇನ್ನೊಂದಕ್ಕೂ ಹತ್ತು ಸಾವಿರ ವ್ಯತ್ಯಾಸ ಬಂದರೆ ಅದು ಓನ್ ಡ್ಯಾಮೇಜ್ ಮತ್ತು ಆ್ಯಡ್ ಆನ್‌ಗಳಲ್ಲೇ ಇರಬೇಕು. ನೀವು ನೋಡಬೇಕಾದ ಜಾಗ ಅದು. ಶೋರೂಮಿನಲ್ಲೇ ಮಾಡಿಸಬೇಕು ಅನ್ನೋ ಕಾನೂನೂ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2017ರಲ್ಲೇ ಶೋರೂಮ್‌ಗಳು ಇನ್ಶೂರೆನ್ಸ್ ಮಾರೋದಕ್ಕೆ ನಿಯಮ ತಂದಿದೆ. ಇಂಥದ್ದೇ ಕಂಪನಿ ಅಂತ ಗಿರಾಕಿಯನ್ನು ಒತ್ತಾಯ ಮಾಡುವ ಹಾಗಿಲ್ಲ. "ಹೊರಗಡೆ ಮಾಡ್ಸಿದ್ರೆ ಕ್ಯಾಶ್‌ಲೆಸ್ ಸಿಗಲ್ಲ ಸಾರ್" ಅಂತ ಹೇಳ್ತಾರೆ. ಕ್ಯಾಶ್‌ಲೆಸ್ ಅಂದ್ರೆ ರಿಪೇರಿ ಹಣವನ್ನು ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕಟ್ಟೋದು. ಅದು ಆ ಸರ್ವಿಸ್ ಸೆಂಟರ್ ನೀವು ಆರಿಸಿದ ಕಂಪನಿಯ ಜೊತೆ ಒಪ್ಪಂದದಲ್ಲಿ ಇದೆಯೋ ಇಲ್ಲವೋ ಅನ್ನೋದರ ಮೇಲೆ ಹೋಗುತ್ತೆ. ಕಂಪನಿಯ ವೆಬ್‌ಸೈಟಿನಲ್ಲಿ ದಾವಣಗೆರೆ, ಚಿತ್ರದುರ್ಗದ ಕ್ಯಾಶ್‌ಲೆಸ್ ಗ್ಯಾರೇಜ್‌ಗಳ ಪಟ್ಟಿ ಇರುತ್ತೆ, ಅದರಲ್ಲಿ ನಿಮ್ಮ ಸರ್ವಿಸ್ ಸೆಂಟರ್ ಹೆಸರು ಇದೆಯಾ ನೋಡಿಕೊಳ್ಳಿ.

ಹೊರಗಡೆ ಎರಡು ಕೊಟೇಶನ್ ತನ್ನಿ. ಒಂದು ಆನ್‌ಲೈನ್, ಒಂದು ನಿಮಗೆ ಗೊತ್ತಿರೋ ಏಜೆಂಟ್ ಹತ್ತಿರ. ಭಾವನಿಗೆ ಅದೇ ಐಡಿವಿಗೆ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ, ಮುಂದೆ ಹೇಳ್ತೀನಿ) 34 ಸಾವಿರಕ್ಕೆ ಸಿಕ್ಕಿತು. ಆ ಚೀಟಿ ತೋರಿಸಿದ ಮೇಲೆ ಶೋರೂಮಿನವರೂ ಇಳಿಸಿದರು. ಕೊನೆಗೆ ಅಲ್ಲೇ ಮಾಡಿಸಿದೆವು, ಕ್ಲೇಮ್ ಸಮಯದಲ್ಲಿ ಓಡಾಟ ಕಡಿಮೆ ಆಗುತ್ತೆ ಅಂತ. ಅದು ತಪ್ಪಲ್ಲ. ಕೇಳದೆ ಒಪ್ಪಿಕೊಳ್ಳೋದು ತಪ್ಪು.

ಐಡಿವಿ ಕಡಿಮೆ ಮಾಡಿ ಪ್ರೀಮಿಯಂ ಇಳಿಸಬೇಡಿ

ಐಡಿವಿ ಅಂದ್ರೆ ಕಾರು ಪೂರ್ತಿ ಹೋದರೆ ಕಂಪನಿ ಕೊಡುವ ಗರಿಷ್ಠ ಹಣ. ಕಳುವಾದರೂ ಇದೇ ಲೆಕ್ಕ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಕಾರು ಪೂರ್ತಿ ಹೋಯಿತು ಅಂತಲೇ ಎಣಿಸುತ್ತಾರೆ.

ಆರು ತಿಂಗಳ ಒಳಗಿನ ಕಾರಿಗೆ ಶೋರೂಮ್ ಬೆಲೆಯಲ್ಲಿ 5% ಕಳೆಯುತ್ತಾರೆ. ಅಂದರೆ ಎಕ್ಸ್ ಶೋರೂಮ್ 9 ಲಕ್ಷ ಇದ್ದರೆ ಐಡಿವಿ 8,55,000 ಹತ್ತಿರ ಇರಬೇಕು. ಯಾರಾದರೂ ತುಂಬಾ ಕಡಿಮೆ ಪ್ರೀಮಿಯಂ ತೋರಿಸಿದರೆ ಮೊದಲು ಈ ಅಂಕಿ ನೋಡಿ. ಐಡಿವಿ 7,80,000ಕ್ಕೆ ಇಳಿಸಿ ಒಂದೆರಡು ಸಾವಿರ ಉಳಿಸಿದ ಹಾಗೆ ತೋರಿಸಿರ್ತಾರೆ. ಕಾರು ಹೋದ ದಿನ 75 ಸಾವಿರ ಕಡಿಮೆ ಬರುತ್ತೆ. ಎರಡು ಕೊಟೇಶನ್ ಹೋಲಿಸುವಾಗ ಐಡಿವಿ ಒಂದೇ ಇದೆಯಾ ಅಂತ ನೋಡದೆ ಹೋಲಿಸಲೇಬೇಡಿ.

ಸಾಲ ಇದ್ದರೆ ಇನ್ನೊಂದು ಮಾತು. ಕಾರು ಪೂರ್ತಿ ಹೋದರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತೆ, ಸಾಲ ತೀರಿ ಉಳಿದರೆ ನಿಮಗೆ. ರಸ್ತೆ ತೆರಿಗೆ, ನೋಂದಣಿ ಖರ್ಚು ಐಡಿವಿಯಲ್ಲಿ ಸೇರೋದಿಲ್ಲ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ 14%, ಅದರ ಮೇಲೆ ಸೆಸ್ ಬೇರೆ. 9 ಲಕ್ಷದ ಕಾರಿಗೆ ತೆರಿಗೆಯೇ 1,26,000. ಈ ಹಣವೂ ವಾಪಸ್ ಬರಬೇಕು ಅಂದರೆ ರಿಟರ್ನ್ ಟು ಇನ್‌ವಾಯ್ಸ್ ಅನ್ನೋ ಆ್ಯಡ್ ಆನ್ ಬೇಕು. ಮುಕ್ಕಾಲು ಪಾಲು ಸಾಲ ಮಾಡಿ ತಗೊಂಡವರು ಮೊದಲ ಎರಡು, ಮೂರು ವರ್ಷ ಇದನ್ನು ಹಾಕಿಸೋದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಆ್ಯಡ್ ಆನ್: ನಮ್ಮ ಕಡೆ ರಸ್ತೆಗೆ ಯಾವುದು ಬೇಕು

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ.

ನನ್ನ ಕಾರಿಗೆ ಎರಡೂವರೆ ವರ್ಷ ಆಗಿತ್ತು. ದೀಪಾವಳಿ ಆದಮೇಲೆ ಒಂದು ರಾತ್ರಿ ಚಿತ್ರದುರ್ಗದಿಂದ ವಾಪಸ್ ಬರ್ತಾ ಆನಗೋಡಿನ ಕಡೆ ಹೈವೇ ಬಿಟ್ಟು ಒಳಗಿನ ರಸ್ತೆಗೆ ಇಳಿದಿದ್ದೆ. ಆ ಹೊತ್ತಿನಲ್ಲಿ ನಮ್ಮ ಕಡೆ ರಸ್ತೆ ತುಂಬಾ ಮೆಕ್ಕೆಜೋಳ ಹರವಿರ್ತಾರೆ, ಗೊತ್ತಲ್ಲ. ಕಣ ಇಲ್ಲದ ರೈತ ಎಲ್ಲಿ ಒಣಗಿಸಬೇಕು? ರಾಶಿ ಮೇಲೆ ಗಾಡಿ ಹತ್ತದಿರಲಿ ಅಂತ ಅಂಚಿಗೆ ಕಲ್ಲು ಇಟ್ಟಿರ್ತಾರೆ. ಎದುರಿಗೆ ಬಂದ ಟ್ರ್ಯಾಕ್ಟರ್‌ಗೆ ದಾರಿ ಬಿಡೋಕೆ ಅಂತ ಎಡಕ್ಕೆ ತಗೊಂಡೆ, ಬಂಪರ್ ಕಲ್ಲಿಗೆ ತಾಗಿತು, ಕಲ್ಲು ಕಾರಿನ ಅಡಿಗೆ ಹೋಗಿ ಧಡ್ ಅಂತು. ಇಳಿದು ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಎಂಜಿನ್ ಕೆಳಗೆ ಆಯಿಲ್ ಸಣ್ಣ ದಾರದ ಹಾಗೆ ಸುರೀತಿತ್ತು, ಕೆಳಗೆ ಬಿದ್ದ ಮೆಕ್ಕೆಜೋಳದ ಕಾಳು ಕಪ್ಪಗೆ ನೆಂದು ಹೊಳೀತಿದ್ವು. ಆಯಿಲ್ ಚೇಂಬರ್ ಒಡೆದಿತ್ತು.

ಊರು ಹತ್ತಿರದಲ್ಲೇ ಇದೆ, ನಿಧಾನಕ್ಕೆ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಆ ಹೊಲದವರೇ ಒಬ್ಬರು ಬಂದು, "ಸ್ಟಾರ್ಟ್ ಮಾಡ್ಬ್ಯಾಡ್ರಿ, ಎಂಜಿನ್ ಹಿಡ್ಕಂತತಿ" ಅಂದರು. ಅವರ ಮಾತು ಕೇಳಿ ಕಾರು ಅಲ್ಲೇ ಬಿಟ್ಟೆ, ಬೆಳಗ್ಗೆ ಎಳೆಸಿಕೊಂಡು ಹೋದೆ. ಅವರ ಆ ಒಂದು ಮಾತಿನಿಂದ ನನಗೆ ಲಕ್ಷದ ಹತ್ತಿರ ಉಳೀತು. ಚೇಂಬರ್ ಒಡೆದಿದ್ದು ಅಪಘಾತ, ಅದಕ್ಕೆ ಇನ್ಶೂರೆನ್ಸ್ ಸಿಗುತ್ತೆ. ಆಯಿಲ್ ಇಲ್ಲದೆ ಓಡಿಸಿ ಎಂಜಿನ್ ಸೀಜ್ ಆದರೆ ಅದು ಆಮೇಲೆ ಆದ ಹಾನಿ, ಸಾಮಾನ್ಯ ಪಾಲಿಸಿಯಲ್ಲಿ ಕೊಡೋದಿಲ್ಲ. ಮಳೆ ನೀರು ತುಂಬಿದ ರೈಲ್ವೆ ಅಂಡರ್‌ಪಾಸ್‌ನಲ್ಲಿ ಕಾರು ನಿಂತಾಗ ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಒಳಗೆ ನೀರು ಎಳೆಸಿಕೊಂಡರೂ ಇದೇ ಕಥೆ. ಈ ಎರಡಕ್ಕೂ ಎಂಜಿನ್ ಪ್ರೊಟೆಕ್ಟ್ ಅನ್ನೋ ಆ್ಯಡ್ ಆನ್ ಇದೆ. ಅದು ಇದ್ದರೂ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ. ಮಳೆಗಾಲದಲ್ಲಿ ಶಿವಮೊಗ್ಗ, ಆಗುಂಬೆ, ಧರ್ಮಸ್ಥಳ ಅಂತ ಘಟ್ಟದ ಕಡೆ ಹೋಗೋರು ಇದನ್ನು ಹಾಕಿಸಿಕೊಳ್ಳಿ.

ಈಗ ಬಿಲ್ ಲೆಕ್ಕ. ಬಂಪರ್ 8,000, ಚೇಂಬರ್ 6,000, ಆಯಿಲ್, ಕೂಲೆಂಟ್ ಎಲ್ಲ ಸೇರಿ 3,000, ಲೇಬರ್ 4,000. ಒಟ್ಟು 21 ಸಾವಿರ. ಫುಲ್ ಇನ್ಶೂರೆನ್ಸ್ ಇದೆ, ಎಲ್ಲಾ ಬರುತ್ತೆ ಅಂತ ಧೈರ್ಯವಾಗಿದ್ದೆ. ಬಂದಿದ್ದು 12,100.

ಹೇಗೆ ಅಂದ್ರೆ, ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ ಇಂಥವಕ್ಕೆ ಕಾರು ಎಷ್ಟೇ ಹೊಸದಿದ್ದರೂ 50% ಸವಕಳಿ ಕಳೆಯುತ್ತಾರೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ 4,000 ಹೋಯಿತು. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ: ಮೊದಲ ಆರು ತಿಂಗಳು ಏನೂ ಇಲ್ಲ, ವರ್ಷದೊಳಗೆ 5%, ಎರಡು ವರ್ಷದವರೆಗೆ 10%, ಮೂರರವರೆಗೆ 15%, ಹೀಗೆ ಏರುತ್ತಾ ಹೋಗುತ್ತೆ. ಚೇಂಬರ್‌ಗೆ 15% ಅಂದರೆ 900. ಆಯಿಲ್, ಕೂಲೆಂಟ್, ನಟ್ಟು ಬೋಲ್ಟು ಇವೆಲ್ಲ ಖರ್ಚಾಗಿ ಹೋಗುವ ಸಾಮಾನು, ಸಾಮಾನ್ಯ ಪಾಲಿಸಿಯಲ್ಲಿ ಸಿಗೋದಿಲ್ಲ, 3,000 ಅಲ್ಲಿ. ಕಡ್ಡಾಯ ಕಡಿತ ಅಂತ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಒಟ್ಟು 8,900 ನನ್ನ ಜೇಬಿನಿಂದ. ಪೇಂಟ್ ಕೆಲಸ ಇದ್ದಿದ್ದರೆ ಅದರ ಸಾಮಾನಿಗೂ ಅರ್ಧ ಕಳೀತಿದ್ದರು. ಗಾಜಿಗೆ ಮಾತ್ರ ಸವಕಳಿ ಇಲ್ಲ.

ಸವಕಳಿ ಕಳೆಯದೆ ಕೊಡುವ ಜೀರೋ ಡೆಪ್ ಅನ್ನೋ ಆ್ಯಡ್ ಆನ್ ಇದ್ದಿದ್ದರೆ 4,900 ಉಳೀತಿತ್ತು. ಅದರ ಜೊತೆ ಕನ್ಸ್ಯೂಮಬಲ್ಸ್ ಕವರ್ ಇದ್ದಿದ್ದರೆ ಆ 3,000ವೂ. ಕೈಯಿಂದ ಬರೀ 1,000 ಹೋಗ್ತಿತ್ತು. ಹಾಗಾಗಿ ಹೊಸ ಕಾರಿಗೆ ಮೊದಲ ಐದು ವರ್ಷ ಜೀರೋ ಡೆಪ್ ಬಿಡಲೇಬೇಡಿ. ವರ್ಷಕ್ಕೆ ಎಷ್ಟು ಕ್ಲೇಮ್‌ವರೆಗೆ ಅಂತ ಕೇಳಿಕೊಳ್ಳಿ, ಕೆಲವು ಪಾಲಿಸಿಯಲ್ಲಿ ಎರಡೇ ಸಲ.

ಉಳಿದವು ಬೇಗ ಹೇಳಿಬಿಡ್ತೀನಿ. ರೋಡ್‌ಸೈಡ್ ಅಸಿಸ್ಟೆನ್ಸ್ ಒಳ್ಳೆಯದೇ, ಆದರೆ ಕಾರು ಕಂಪನಿಯವರೇ ಕೊಟ್ಟಿದ್ದರೆ ಮತ್ತೆ ದುಡ್ಡು ಕೊಡೋದು ಬೇಡ. ಕೀ ಕವರ್, ಒಳಗಿನ ಸಾಮಾನಿನ ಕವರ್, ಟೈರ್ ಕವರ್ ಇವನ್ನೆಲ್ಲ ಭಾವನ ಚೀಟಿಯಲ್ಲಿ ಕೇಳದೇನೇ ಹಾಕಿದ್ದರು, ನಾವು ತೆಗೆಸಿದೆವು. ಹೈವೇಯಲ್ಲಿ ದಿನಾ ಓಡಾಡೋರಿಗೆ ಟಿಪ್ಪರ್ ಹಿಂದೆ ಹೋಗಿ ಗಾಜಿಗೆ ಕಲ್ಲು ಬೀಳೋದು ಇದ್ದೇ ಇದೆ. ಗಾಜು ಮಾತ್ರ ಬದಲಿಸಿದರೂ ಸಾಮಾನ್ಯವಾಗಿ ಅದು ಒಂದು ಕ್ಲೇಮ್ ಅಂತಲೇ ಲೆಕ್ಕ, ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಹೋಗುತ್ತೆ. ಅಂಥವರು ಎನ್‌ಸಿಬಿ ಪ್ರೊಟೆಕ್ಟ್ ಬಗ್ಗೆ ಕೇಳಿ ನೋಡಬಹುದು.

ಹಳೆ ಕಾರಿನ ಬೋನಸ್ ಬಿಟ್ಟು ಬರಬೇಡಿ

ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಮಾಲೀಕನದು. ಹಳೆ ಕಾರು ಮಾರಿ ಹೊಸದು ತಗೊಂಡರೆ ನಿಮ್ಮ ಜೊತೆ ಬರುತ್ತೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ 20%, ಎರಡು ವರ್ಷಕ್ಕೆ 25%, ಮೂರಕ್ಕೆ 35%, ನಾಲ್ಕಕ್ಕೆ 45%, ಐದಕ್ಕೆ 50%. ಇದು ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ.

ಭಾವ ಹಳೆ ಆಲ್ಟೊ ಎಕ್ಸ್‌ಚೇಂಜ್ ಮಾಡಿದ್ದರು, ನಾಲ್ಕು ವರ್ಷದಿಂದ ಒಂದು ಕ್ಲೇಮೂ ಇಲ್ಲ. ಹೊಸ ಕೊಟೇಶನ್‌ನಲ್ಲಿ ಬೋನಸ್ ಜಾಗದಲ್ಲಿ ಸೊನ್ನೆ ಇತ್ತು. ಕೇಳಿದ್ದಕ್ಕೆ, "ಹೊಸ ಗಾಡಿ ಅಲ್ವಾ ಸಾರ್" ಅಂದ ಹುಡುಗ. ಅವನಿಗೂ ಗೊತ್ತಿರಲಿಲ್ಲ ಅನ್ನಿಸುತ್ತೆ. ಓನ್ ಡ್ಯಾಮೇಜ್ 13,000 ಇತ್ತು, ಅದರ 45% ಅಂದರೆ 5,850, ಜಿಎಸ್‌ಟಿ ಸೇರಿಸಿದರೆ 6,900 ರೂಪಾಯಿ. ಕೇಳಿದ್ದಕ್ಕೆ ಸಿಕ್ಕಿತು.

ಮಾಡಬೇಕಾದ್ದು ಇಷ್ಟೇ. ಹಳೆ ಇನ್ಶೂರೆನ್ಸ್ ಕಂಪನಿಗೆ ಮೇಲ್ ಹಾಕಿ, ಕಾರು ಮಾರಿದ ಕಾಗದ, ಹಳೆ ಪಾಲಿಸಿ ಪ್ರತಿ ಕೊಟ್ಟು ಎನ್‌ಸಿಬಿ ರಿಸರ್ವಿಂಗ್ ಲೆಟರ್ ಕೇಳಿ. ಆ ಪತ್ರ ಮೂರು ವರ್ಷ ನಡೆಯುತ್ತೆ. ಇವತ್ತು ಹಳೆ ಕಾರು ಮಾರಿ ಮುಂದಿನ ವರ್ಷ ಹೊಸದು ತಗೊಳ್ಳೋರಿಗೂ ಇದು ಅನ್ವಯಿಸುತ್ತೆ. ಕ್ಲೇಮ್ ಮಾಡಿದ್ದರೆ ಮಾಡಿಲ್ಲ ಅಂತ ಮಾತ್ರ ಹೇಳಬೇಡಿ. ಕಂಪನಿಗಳು ಒಂದಕ್ಕೊಂದು ಕೇಳಿ ಪತ್ತೆ ಮಾಡುತ್ತವೆ, ಆಮೇಲೆ ನಿಮಗೆ ನಿಜವಾಗಿ ಬೇಕಾದಾಗ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತೆ.

ಕಾರು ಯಾರ ಹೆಸರಲ್ಲಿ?

ನಮ್ಮ ಕಡೆ ಅವ್ವನ ಹೆಸರಲ್ಲಿ, ಹೆಂಡತಿ ಹೆಸರಲ್ಲಿ ಕಾರು ತಗೊಳ್ಳೋದು ಸಾಮಾನ್ಯ. ಪ್ರೀತಿಯಿಂದ ಮಾಡ್ತಾರೆ, ಒಳ್ಳೆಯದೇ. ಆದರೆ ಮಾಲೀಕನ ಅಪಘಾತ ವಿಮೆ ಅಂತ 15 ಲಕ್ಷದ್ದು ಒಂದು ಇರುತ್ತಲ್ಲ, ಅದು ಆರ್‌ಸಿಯಲ್ಲಿ ಹೆಸರಿದ್ದು, ಲೈಸೆನ್ಸ್ ಇದ್ದವರಿಗೆ ಮಾತ್ರ. ಅವ್ವನ ಹೆಸರಲ್ಲಿ ಕಾರು, ಓಡಿಸೋದು ಮಗ ಅಂದರೆ ಮಗನಿಗೆ ಅದರಿಂದ ಏನೂ ಸಿಗೋದಿಲ್ಲ. ಅವ್ವನಿಗೆ ಲೈಸೆನ್ಸ್ ಇಲ್ಲ ಅಂದರೆ ಅವರಿಗೂ ಇಲ್ಲ. ಅಂಥ ಮನೆಯಲ್ಲಿ ಓಡಿಸುವವನ ಹೆಸರಿಗೆ ಬೇರೆಯಾಗಿ ವೈಯಕ್ತಿಕ ಅಪಘಾತ ವಿಮೆ ಮಾಡಿಸಿ, ಖರ್ಚು ದೊಡ್ಡದಲ್ಲ.

ನಿಮ್ಮ ಹೆಸರಲ್ಲಿ ಮೊದಲೇ 15 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯ ಅಪಘಾತ ವಿಮೆ ಇದ್ದರೆ, ಇಲ್ಲಾ ಇನ್ನೊಂದು ಗಾಡಿಯ ಪಾಲಿಸಿಯಲ್ಲಿ ಇದನ್ನು ಕಟ್ಟಿದ್ದರೆ, ಹೊಸ ಕಾರಿಗೆ ಮತ್ತೆ ಕಟ್ಟೋ ಅಗತ್ಯ ಇಲ್ಲ. 2019ರಿಂದ ಹೀಗಿದೆ. ಬರೆದುಕೊಟ್ಟರೆ ತೆಗೆಯುತ್ತಾರೆ. ನಾಮಿನಿ ಹೆಸರು ಮಾತ್ರ ಸರಿಯಾಗಿ ಬರೆಸಿ.

ಇನ್ನೊಂದು ಗಂಭೀರ ವಿಷಯ. ವೈಟ್ ಬೋರ್ಡ್ ಕಾರನ್ನು ಮದುವೆಗೆ, ಶಬರಿಮಲೆಗೆ ಬಾಡಿಗೆಗೆ ಬಿಡೋರಿದ್ದಾರೆ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸೋದು ಸೇರೋದಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತೆ. ಸ್ನೇಹಿತನಿಗೆ ಸುಮ್ನೆ ಕೊಟ್ಟರೆ, ಅವನಿಗೆ ಲೈಸೆನ್ಸ್ ಇದ್ದರೆ ತೊಂದರೆ ಇಲ್ಲ. ದುಡ್ಡು ತಗೊಂಡು ಕೊಟ್ಟ ದಿನ ಏನಾದರೂ ಆದರೆ ಕಂಪನಿ ಕೈ ಎತ್ತುತ್ತೆ, ಕಾರಿನಲ್ಲಿದ್ದವರ ಪರಿಹಾರ ನಿಮ್ಮ ಆಸ್ತಿಯ ಮೇಲೆ ಬರಬಹುದು. ಒಂದೆರಡು ಸಾವಿರದ ಬಾಡಿಗೆಗೆ ಆ ಅಪಾಯ ಬೇಡ.

ಡೆಲಿವರಿ ದಿನ

ಅರ್ಧ ಗಂಟೆ ಮುಂಚೆ ಹೋಗಿ. ಸಾಧ್ಯವಾದರೆ ಹಿಂದಿನ ದಿನವೇ ಪಾಲಿಸಿಯ ಪಿಡಿಎಫ್ ತರಿಸಿಕೊಂಡು ರಾತ್ರಿ ಊಟ ಆದಮೇಲೆ ಸಮಾಧಾನವಾಗಿ ಓದಿ. ಪ್ರೀಮಿಯಂ ಕಟ್ಟದೆ ಪಾಲಿಸಿ ಶುರುವಾಗೋದಿಲ್ಲ, ಅದು ಕಾನೂನು. ಹಾಗಾಗಿ "ದುಡ್ಡು ಆಮೇಲೆ ಕಟ್ಟಿ, ಕಾರು ತಗೊಂಡು ಹೋಗಿ" ಅಂದರೆ ಒಪ್ಪಬೇಡಿ. ಶೋರೂಮ್ ಗೇಟಿನಿಂದ ದುಗ್ಗಮ್ಮನ ಗುಡಿವರೆಗೆ ಹೋಗೋದೂ ಸಾರ್ವಜನಿಕ ರಸ್ತೆಯಲ್ಲೇ. ಚಕ್ರದ ಕೆಳಗೆ ನಿಂಬೆಹಣ್ಣು ಇಡೋಕೆ ಮುಂಚೆ ಪಾಲಿಸಿ ಶುರುವಾದ ದಿನಾಂಕ ಮತ್ತು ಸಮಯ ನೋಡಿ, ಅದು ದಾಟಿರಬೇಕು.

ಪಾಲಿಸಿ ಕೈಯಲ್ಲಿ ಹಿಡಿದು ಕಾರಿನ ಹತ್ತಿರ ನಿಂತು ಇವನ್ನು ತಾಳೆ ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್, ಒಂದೊಂದು ಅಕ್ಷರವನ್ನೂ. ಒಬ್ಬರು ಓದಿ ಹೇಳಿ, ಇನ್ನೊಬ್ಬರು ಕಾರಿನಲ್ಲಿ ನೋಡಿದರೆ ತಪ್ಪೋದಿಲ್ಲ. ಸೊನ್ನೆಯೂ ಓ ಅಕ್ಷರವೂ ಅದಲು ಬದಲು ಆಗೋದು ಜಾಸ್ತಿ. ಮಾಡೆಲ್, ವೇರಿಯಂಟ್, ಪೆಟ್ರೋಲೋ ಡೀಸೆಲೋ, ಸಿಸಿ, ತಯಾರಾದ ವರ್ಷ. ನಿಮ್ಮ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ. ಸಾಲ ಕೊಟ್ಟ ಬ್ಯಾಂಕಿನ ಹೆಸರು. ಐಡಿವಿ ಎಷ್ಟು ಮಾತಾಗಿತ್ತೋ ಅಷ್ಟೇ ಇದೆಯಾ. ಆ್ಯಡ್ ಆನ್‌ಗಳ ಹೆಸರು ಒಂದೊಂದಾಗಿ ಬರೆದಿದೆಯಾ, ಬಾಯಲ್ಲಿ ಜೀರೋ ಡೆಪ್ ಅಂದು ಪೇಪರ್‌ನಲ್ಲಿ ಇಲ್ಲದಿದ್ದರೆ ಅದು ಇಲ್ಲ ಅಂತಲೇ ಅರ್ಥ. ಬೋನಸ್ ಎಷ್ಟು ಹಾಕಿದ್ದಾರೆ. ತಪ್ಪಿದ್ದರೆ ಅವತ್ತೇ ತಿದ್ದಿಸಿ, ಅದಕ್ಕೆ ಎಂಡಾರ್ಸ್‌ಮೆಂಟ್ ಅಂತಾರೆ.

ನಂಬರ್ ಬಂದ ಮೇಲೆ, ಇಲ್ಲಿ ಕೆಎ 17, ದುರ್ಗದಲ್ಲಿ ಕೆಎ 16, ಅದನ್ನೂ ಪಾಲಿಸಿಯಲ್ಲಿ ಸೇರಿಸಲು ಹೇಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ನಂಬರ್ ಹಾಕಿದರೆ ಇನ್ಶೂರೆನ್ಸ್ ವಿವರ ಕಾಣಬೇಕು. ಪಾಲಿಸಿ ನಿಜವಾದದ್ದೋ ಅಲ್ಲವೋ ಅನ್ನೋದಕ್ಕೂ ಇದು ಒಂದು ಪರೀಕ್ಷೆ. ಡಿಜಿಲಾಕರ್‌ಗೂ ಹಾಕಿಟ್ಟುಕೊಳ್ಳಿ. ಮುಂದೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಬರೆಸಲೇಬೇಕು, ಇಲ್ಲದಿದ್ದರೆ ಕ್ಲೇಮ್‌ಗೆ ತೊಡಕು.

ಏನಾದರೂ ಆದರೆ

ಮೊದಲು ಜನ, ಆಮೇಲೆ ಕಾರು. ಯಾರಿಗಾದರೂ ಪೆಟ್ಟಾಗಿದ್ದರೆ 112ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ಆಸ್ಪತ್ರೆಗೆ ಸೇರಿಸಿ. ಪೆಟ್ಟಾದವರಿದ್ದರೆ, ಕಾರು ಕಳುವಾಗಿದ್ದರೆ ಪೊಲೀಸ್ ಎಫ್‌ಐಆರ್ ಬೇಕೇ ಬೇಕು. ರಸ್ತೆಯಲ್ಲೇ ನಿಂತು "ಇಷ್ಟು ಕೊಡ್ತೀನಿ, ತಪ್ಪು ನನ್ನದೇ" ಅಂತ ಬರೆದುಕೊಡಬೇಡಿ. ಕಂಪನಿಯನ್ನು ಕೇಳದೆ ಹಾಗೆ ಒಪ್ಪಿಕೊಳ್ಳಬಾರದು ಅಂತ ಪಾಲಿಸಿಯ ಷರತ್ತಿನಲ್ಲೇ ಇದೆ. ಪೆಟ್ಟಾದವರಿಗೆ ನ್ಯಾಯವಾದ ಪರಿಹಾರ ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ಸಿಗುತ್ತೆ, ಅದಕ್ಕೇ ಥರ್ಡ್ ಪಾರ್ಟಿ ಕಟ್ಟಿರೋದು.

ಫೋಟೋ, ವಿಡಿಯೋ ತೆಗೆದುಕೊಳ್ಳಿ. ಕಂಪನಿಯ ನಂಬರ್‌ಗೆ ಅವತ್ತೇ ತಿಳಿಸಿ, ಆ ನಂಬರ್ ಈಗಲೇ ಮೊಬೈಲ್‌ನಲ್ಲಿ ಸೇವ್ ಮಾಡಿ. ಹಾನಿ ಲೆಕ್ಕ ಹಾಕೋಕೆ ಬರುವ ಸರ್ವೇಯರ್ ನೋಡುವ ತನಕ ಒಂದು ಸ್ಕ್ರೂ ಕೂಡ ಬಿಚ್ಚಿಸಬೇಡಿ. ಸಣ್ಣ ಗೀರು, ಎರಡು, ಮೂರು ಸಾವಿರದ ಕೆಲಸ ಆದರೆ ಕ್ಲೇಮ್ ಮಾಡೋಕೆ ಮುಂಚೆ ಹೋಗುವ ಬೋನಸ್ ಎಷ್ಟು ಅಂತ ಲೆಕ್ಕ ಹಾಕಿ. ಮುಂದಿನ ವರ್ಷದ ಓನ್ ಡ್ಯಾಮೇಜ್ 10,000 ಇದ್ದು 35% ಬೋನಸ್ ಬರೋದಿದ್ದರೆ, ಒಂದೇ ಕ್ಲೇಮ್‌ಗೆ 3,500 ಹೋಗುತ್ತೆ, ಮೆಟ್ಟಿಲು ಮತ್ತೆ ಮೊದಲಿನಿಂದ ಹತ್ತಬೇಕು.

ಕ್ಲೇಮ್ ತಿರಸ್ಕಾರ ಆದರೆ ಕಾರಣ ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಸರಿಹೋಗದಿದ್ದರೆ ಬಿಮಾ ಭರೋಸಾ ವೆಬ್‌ಸೈಟ್ ಇದೆ, ಐಆರ್‌ಡಿಎಐ ಸಹಾಯವಾಣಿ 155255. ಅದಾದ ಮೇಲೂ ಆಗಲಿಲ್ಲವೆಂದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಕರ್ನಾಟಕದವರು ಅಲ್ಲಿಗೇ ದೂರು ಕೊಡಬೇಕು. ಫೀಸ್ ಇಲ್ಲ, ವಕೀಲರೂ ಬೇಡ. ಕಂಪನಿಯ ಕೊನೆ ಉತ್ತರ ಬಂದು ಒಂದು ವರ್ಷದೊಳಗೆ ಕೊಡಬೇಕು, ಅದನ್ನು ಮರೆಯಬೇಡಿ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ.

ಒಂದು ವರ್ಷ ಆದಮೇಲೆ

ಜಾಸ್ತಿ ಜನ ಎಡವೋದು ಇಲ್ಲೇ. ಮೂರು ವರ್ಷದ ಇನ್ಶೂರೆನ್ಸ್ ಕಟ್ಟಿದ್ದೀವಿ ಅಂತ ನಿಶ್ಚಿಂತೆಯಿಂದ ಇರ್ತಾರೆ. ಮೂರು ವರ್ಷ ಇರೋದು ಥರ್ಡ್ ಪಾರ್ಟಿಗೆ. ನಿಮ್ಮ ಸ್ವಂತ ಕಾರಿನ ರಕ್ಷಣೆ, ಅಂದರೆ ಓನ್ ಡ್ಯಾಮೇಜ್, ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಮಾಡಿರ್ತಾರೆ. 366ನೇ ದಿನ ಕಾರು ಕಳುವಾದರೆ ಒಂದು ರೂಪಾಯಿಯೂ ಬರೋದಿಲ್ಲ. ಪೊಲೀಸರು ಹಿಡಿದಾಗ ಪೇಪರ್ ಸರಿಯಾಗಿಯೇ ಇರುತ್ತೆ, ಥರ್ಡ್ ಪಾರ್ಟಿ ನಡೀತಾ ಇರುತ್ತಲ್ಲ, ಹಾಗಾಗಿ ಗೊತ್ತೇ ಆಗೋದಿಲ್ಲ.

ಪಾಲಿಸಿಯ ಮೊದಲ ಪುಟದಲ್ಲಿ ಎರಡು ಬೇರೆ ಬೇರೆ ಅವಧಿ ಬರೆದಿರುತ್ತೆ. ಚಿಕ್ಕ ಅವಧಿಯದು ಯಾವ ತಾರೀಖಿಗೆ ಮುಗಿಯುತ್ತೆ ನೋಡಿ, ಅದಕ್ಕೆ ಒಂದು ತಿಂಗಳು ಮುಂಚಿನ ತಾರೀಖಿಗೆ ಮೊಬೈಲ್‌ನಲ್ಲಿ ನೆನಪಿನ ಅಲಾರಂ ಇಡಿ. ಎರಡನೇ ವರ್ಷಕ್ಕೆ ಓನ್ ಡ್ಯಾಮೇಜ್ ಮಾತ್ರ ಬೇರೆಯಾಗಿ ತಗೊಳ್ಳಬಹುದು, ಬೇರೆ ಕಂಪನಿಯಲ್ಲೂ ಆಗುತ್ತೆ. ಅವಧಿ ಮುಗಿದು ಹೋದರೆ ಕಾರನ್ನು ಮತ್ತೆ ಪರಿಶೀಲನೆಗೆ ತೋರಿಸಬೇಕಾಗುತ್ತೆ, 90 ದಿನ ದಾಟಿದರೆ ಬೋನಸ್ ಪೂರ್ತಿ ಹೋಗುತ್ತೆ. ಭಾವನ ಮನೆಯಲ್ಲಿ ಅಕ್ಕ ಆ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾಳೆ, ಗ್ಯಾಸ್ ಬುಕ್ ಮಾಡಿದ ತಾರೀಖಿನ ಪಕ್ಕದಲ್ಲೇ.